ಆಯಿಯನ್ನು ಆರನೇ ಪುಟಕ್ಕೆ ಯಾಕೆ ತಳ್ಳಿದೆ?

ತಂಗಿ, ಜಮಖಂಡಿಯಿಂದ ನೀನು ಕಳಿಸಿದ 'ಮಾನವ ವಿಕಾಸದಲ್ಲಿ ಹೆಣ್ಣು' ಲೇಖನವನ್ನು ಎರಡು ಸಲ ಓದಿದೆ. ಪತ್ರಿಕೆಯಲ್ಲಿ ಹೀಗೇ ಹಾಕಲು ಆಗುವುದಿಲ್ಲ. ಆದರೆ ಕೈ ಬಿಡಬೇಡ.

ಮೊದಲ ಐದು ಪುಟ ಹೆಣ್ಣು ತ್ಯಾಗಮಯಿ, ಪ್ರಕೃತಿ ಆಕೆಯನ್ನು ಅದಕ್ಕೇ ರೂಪಿಸಿತು ಅಂತ ಬರೆದಿದ್ದೀಯ. ಇದು ಭಾಷಣ ಆಯಿತು, ಅಲ್ವಾ? ವಿಕಾಸ ಮೊದಲೇ ಯೋಚಿಸಿ ಯಾರನ್ನೂ ರೂಪಿಸುವುದಿಲ್ಲ. ಯಾರ ಮಕ್ಕಳು ಜಾಸ್ತಿ ಬದುಕಿ ಉಳಿದರೋ ಅವರ ಗುಣ ಮುಂದೆ ಬಂತು, ಅಷ್ಟೇ.

ಆರನೇ ಪುಟದಲ್ಲಿ ಒಂದು ಸಾಲಿದೆ: ಅವ್ವ ಕಳೆ ತೆಗೆಯಲು ಹೋದಾಗ ನಿನ್ನ ಅಜ್ಜಿ, ಆಯಿ, ನಿನ್ನ ತಮ್ಮನಿಗೆ ಹಾಲಲ್ಲಿ ಕಿವುಚಿದ ರೊಟ್ಟಿ ತಿನ್ನಿಸುತ್ತಿದ್ದಳು. ನಾನು ಅಲ್ಲೇ ನಿಂತುಬಿಟ್ಟೆ. ನಿನ್ನ ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ತಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಹಣ್ಣು ಆಯ್ದು ಬದುಕುವ ಹಡ್ಜಾ ಜನರ ನಡುವೆ 1980ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮತ್ತು ಜೊತೆಗಾರರು ಕಂಡದ್ದೂ ಇದನ್ನೇ. ಅಲ್ಲಿ ವಯಸ್ಸಾದ ಹೆಂಗಸರು ಚೂಪು ಕೋಲು ಹಿಡಿದು ಗಟ್ಟಿ ನೆಲದಿಂದ ಗೆಡ್ಡೆ ಅಗೆದು ತರುತ್ತಾರೆ. ತಾಯಿ ಹೊಸ ಕೂಸಿಗೆ ಹಾಲೂಡಿಸುವ ದಿನಗಳಲ್ಲಿ, ಹಾಲು ಬಿಡಿಸಿದ ದೊಡ್ಡ ಮಗು ಮೈ ತುಂಬಿಕೊಳ್ಳುವುದು ಅಜ್ಜಿಯ ದುಡಿಮೆಯ ಮೇಲೆ ನಿಂತಿತ್ತು. ಚಿಂಪಾಂಜಿ ತಾಯಿ ಒಬ್ಬಳೇ ಸಾಕಬೇಕು, ಅದಕ್ಕೇ ಎರಡು ಮರಿಗಳ ನಡುವೆ 5-6 ವರ್ಷ ಬಿಡುತ್ತದೆ. ಬೇಟೆ, ಗೆಡ್ಡೆ, ಹಣ್ಣುಗಳ ಮೇಲೆ ಬದುಕುವ ನಮ್ಮ ಮನುಷ್ಯರಲ್ಲಿ ಅದು ಸುಮಾರು 3-4 ವರ್ಷ. ಮುಟ್ಟು ನಿಂತ ಮೇಲೂ ಹೆಣ್ಣು ದಶಕಗಟ್ಟಲೆ ಯಾಕೆ ಬದುಕುತ್ತಾಳೆ ಎನ್ನುವುದಕ್ಕೆ ಹಾಕ್ಸ್ ಕೊಟ್ಟ ಉತ್ತರ ಈ ಅಜ್ಜಿ: ಆಕೆ ಉಣಿಸಿದ ಮೊಮ್ಮಕ್ಕಳು ಜಾಸ್ತಿ ಉಳಿದರು, ಅವರ ಮೂಲಕ ಆಕೆಯ ದೀರ್ಘ ಆಯಸ್ಸೂ ಮುಂದೆ ಬಂತು. ಎಲ್ಲರೂ ಒಪ್ಪಿಲ್ಲ, ಅದನ್ನೂ ಬರಿ.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಹೆರುವ ಕಾಲ ಮುಗಿದ ಮೇಲೂ ಬದುಕುವುದು ಮನುಷ್ಯರಲ್ಲಿ ಮಾತ್ರ ಅಂದಿದ್ದೀಯ, ಅಲ್ಲ. ಓರ್ಕಾದಂಥ ಕೆಲವು ತಿಮಿಂಗಿಲಗಳಲ್ಲೂ ಇದೆ, ಉಗಾಂಡಾದ ನ್ಗೋಗೊ ಕಾಡಿನ ಚಿಂಪಾಂಜಿಗಳಲ್ಲೂ ಕಂಡಿದೆ ಅಂತ 2023ರಲ್ಲಿ ವರದಿಯಾಯಿತು. ಎರಡು ಕಾಲಲ್ಲಿ ನಡೆಯಲು ಸೊಂಟ ಕಿರಿದಾಯಿತು, ಮಗುವಿನ ತಲೆ ದೊಡ್ಡದಾಯಿತು, ಅದಕ್ಕೇ ಹೆರಿಗೆ ಕಷ್ಟ ಎನ್ನುವುದು 1960ರಲ್ಲಿ ಮಾನವಶಾಸ್ತ್ರಜ್ಞ ವಾಶ್‌ಬರ್ನ್ ಹೇಳಿದ ವಿಚಾರ. ನೀನು ಅದನ್ನು ಮುಗಿದ ಮಾತಿನಂತೆ ಬರೆದಿದ್ದೀಯ. ಒಂಬತ್ತು ತಿಂಗಳ ಮೇಲೆ ಬೆಳೆಯುವ ಕೂಸಿಗೆ ಬೇಕಾದ ಶಕ್ತಿಯನ್ನು ತಾಯಿಯ ಮೈ ಒದಗಿಸಲಾರದು, ಹೆರಿಗೆಯ ಹೊತ್ತನ್ನು ಗೊತ್ತು ಮಾಡುವುದು ಅದೇ ಅಂತ ವಾದಿಸುವವರೂ ಇದ್ದಾರೆ. ಬಾಣಂತಿಗೆ ಅಂಟಿನುಂಡಿ ಕಟ್ಟುವ ಮನೆಯಲ್ಲಿ ಬೆಳೆದ ನಿನಗೆ ಈ ಲೆಕ್ಕ ಸುಲಭವಾಗಿ ಹಿಡಿಯುತ್ತದೆ.

ಮತ್ತೆ ಬರೆಯುವ ಮೊದಲು ಆಯಿ ಹತ್ರ ಕೂತು ಕೇಳು: ಒಂದು ಹೆರಿಗೆಗೂ ಇನ್ನೊಂದಕ್ಕೂ ಎಷ್ಟು ವರ್ಷ ಇತ್ತು, ಆಗ ದೊಡ್ಡ ಕೂಸನ್ನು ಯಾರು ಎತ್ತಿಕೊಂಡರು. ಆಕೆಯ ಮಾತಲ್ಲೇ ಬರಿ. ಎಂಟು ಪುಟ ನಾಲ್ಕಾಗಲಿ. ಎಳ್ಳಮವಾಸ್ಯೆ ಒಳಗೆ ಕಳಿಸು, ಜಾಗ ಇಟ್ಟಿರುತ್ತೇನೆ.