ಕಾಯಿಲೆಗೆ ಸಾಕ್ಷಿ ಎಲ್ಲಿಂದ ತರೋದು?

ಓದುಗರೊಬ್ಬರ ಪತ್ರ: ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದು ಎಷ್ಟೋ ವರ್ಷ ಆದಮೇಲೆ ಕ್ಯಾನ್ಸರ್ ಬಂದವರಿಗೂ ಅಲ್ಲಿನ ಸರ್ಕಾರ ಪರಿಹಾರ ಕೊಡ್ತಿದೆ ಅಂತ ಓದಿದೆ. ಭೋಪಾಲದಲ್ಲಿ ಬಹಳಷ್ಟು ಜನರಿಗೆ ಮೊದಲು ಸಿಕ್ಕಿದ್ದು 25,000 ರೂಪಾಯಿ. ಅಲ್ಲಿಗೊಂದು ನ್ಯಾಯ, ಇಲ್ಲಿಗೊಂದು ನ್ಯಾಯ ಯಾಕೆ? ದುರಂತದಿಂದಲೇ ಕಾಯಿಲೆ ಬಂತು ಅಂತ ಬಡವರು ಹೇಗೆ ತೋರಿಸಬೇಕು? ಕೊಟ್ಟಷ್ಟು ತಗೊಂಡು ಸುಮ್ಮನಾಗೋದೇ ಜಾಣತನವಾ?

ಸಂಪಾದಕರ ಉತ್ತರ:

ದುಡ್ಡಿನ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ, ನಿಜ. ನನ್ನನ್ನು ಕೇಳಿದರೆ, ಸಾಬೀತು ಮಾಡುವ ಹೊರೆಯನ್ನು ಯಾರ ತಲೆ ಮೇಲೆ ಇಟ್ಟರು ಅನ್ನೋದನ್ನ ಮೊದಲು ನೋಡಬೇಕು. ‘ನಿನ್ನ ಶ್ವಾಸಕೋಶ ಕೆಟ್ಟಿದ್ದು ಆ ಗಾಳಿಯಿಂದಲೇ ಅಂತ ತೋರಿಸು’ ಅಂದರೆ ಯಾವ ರೋಗಿಯಿಂದಲೂ ಆಗುವ ಕೆಲಸವಲ್ಲ. ಎಷ್ಟೋ ಸಲ ಡಾಕ್ಟರ್ ಕೈಲೂ ಆಗುವುದಿಲ್ಲ. ಕ್ಯಾನ್ಸರ್ ಗಡ್ಡೆಯ ಮೇಲೆ ಕಳಿಸಿದವರ ವಿಳಾಸ ಬರೆದಿರುತ್ತದಾ?

ನ್ಯೂಯಾರ್ಕ್ ಕೂಡ ಮೊದಲಿನಿಂದ ಉದಾರವಾಗಿರಲಿಲ್ಲ. ಮೊದಲ ಪರಿಹಾರ ನಿಧಿ 2003ರ ಡಿಸೆಂಬರಿನಲ್ಲೇ ಅರ್ಜಿ ತಗೊಳ್ಳುವುದನ್ನು ನಿಲ್ಲಿಸಿತು. ಗೋಪುರ ಬಿದ್ದಾಗ ಎದ್ದ ದೂಳು ಕುಡಿದ ಎಷ್ಟೋ ಜನರ ಕಾಯಿಲೆ ಹೊರಬಿದ್ದಿದ್ದು ಅದಾದ ಮೇಲೆ. ಅಗ್ನಿಶಾಮಕ ಸಿಬ್ಬಂದಿ, ಪೊಲೀಸರು, ಅವಶೇಷ ತೆಗೆದ ಕೂಲಿಯವರು ವರ್ಷಗಟ್ಟಲೆ ವಾಷಿಂಗ್ಟನ್ನಿಗೆ ಅಲೆದರು. 2011ರ ಜನವರಿಯಲ್ಲಿ ಇಂಥವರಿಗಾಗಿ ಝಡ್ರೋಗಾ ಅನ್ನುವ ಕಾಯ್ದೆ ಬಂದು ನಿಧಿ ಮತ್ತೆ ತೆರೆಯಿತು. ಪರಿಹಾರ ಸಿಗುವ ಕಾಯಿಲೆಗಳ ಪಟ್ಟಿಗೆ ಕ್ಯಾನ್ಸರ್ ಸೇರಿದ್ದು 2012ರಲ್ಲಿ. 2019ರ ತಿದ್ದುಪಡಿಯ ಪ್ರಕಾರ ಈಗ 2090ರವರೆಗೂ ಅರ್ಜಿ ಹಾಕಬಹುದು. ಅಂದರೆ ಅವತ್ತು ತೊಟ್ಟಿಲಲ್ಲಿದ್ದ ಕೂಸಿಗೆ ಮುಪ್ಪಿನಲ್ಲಿ ಕಾಯಿಲೆ ಬಂದರೂ ಬಾಗಿಲು ತೆರೆದೇ ಇರುತ್ತದೆ.

ಅಲ್ಲಿ ಮುಖ್ಯವಾಗಿ ಕೇಳುವುದು ಎರಡೇ. ಮ್ಯಾನ್‌ಹಟನ್ನಿನ ಕೆನಾಲ್ ಸ್ಟ್ರೀಟಿನಿಂದ ದಕ್ಷಿಣಕ್ಕಿರುವ ಪ್ರದೇಶದಲ್ಲಿ 2002ರ ಮೇ 30ರ ಒಳಗೆ ನೀವಿದ್ದಿರಾ? ಪಟ್ಟಿಯಲ್ಲಿರುವ ಕಾಯಿಲೆ ನಿಮಗಿದೆ ಅಂತ ಸರ್ಕಾರದ ಆರೋಗ್ಯ ಕಾರ್ಯಕ್ರಮ ಒಪ್ಪಿದೆಯಾ? ಅಲ್ಲಿದ್ದದ್ದಕ್ಕೆ ಸಂಬಳದ ಚೀಟಿ, ಬಾಡಿಗೆ ರಸೀದಿ, ಶಾಲೆಯ ದಾಖಲೆ ಆಗುತ್ತದೆ. ಜೊತೆಯಲ್ಲಿದ್ದವರ ಪ್ರಮಾಣಪತ್ರವೂ ನಡೆಯುತ್ತದೆ. ದೂಳಿನ ಯಾವ ಕಣ ಯಾವ ಜೀವಕೋಶ ಕೆಡಿಸಿತು ಅಂತ ರೋಗಿ ತೋರಿಸಬೇಕಾಗಿಲ್ಲ.

ಭೋಪಾಲದಲ್ಲಿ ಆಗಿದ್ದೇ ಬೇರೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಂಪನಿಯ ಕಾರ್ಖಾನೆಯಿಂದ ವಿಷದ ಗ್ಯಾಸ್ ಸೋರಿತು. 1985ರಲ್ಲಿ ಕಾನೂನು ಮಾಡಿ, ಸಂತ್ರಸ್ತರೆಲ್ಲರ ಪರವಾಗಿ ವಾದಿಸುವ ಹಕ್ಕನ್ನು ಕೇಂದ್ರ ಸರ್ಕಾರ ತಾನೇ ತಗೊಂಡಿತು. 1989ರಲ್ಲಿ ಕಂಪನಿಯ ಜೊತೆ 47 ಕೋಟಿ ಡಾಲರಿಗೆ ರಾಜಿ. ಯಾರಿಗೆ ಎಷ್ಟು ಹಾನಿ ಅಂತ ಇನ್ನೂ ಪೂರ್ತಿ ಲೆಕ್ಕ ಆಗುವ ಮೊದಲೇ ಮೊತ್ತ ಗಟ್ಟಿಯಾಯಿತು. ಆಮೇಲೆ ಇದ್ದ ದುಡ್ಡನ್ನು ಇದ್ದ ಜನರಿಗೆ ಹಂಚಬೇಕು, ಅಲ್ವಾ? ಸುಮಾರು 5.7 ಲಕ್ಷ ಜನರಿಗೆ ಹಂಚಿದ್ದಾಯಿತು. ಬಹುಪಾಲು ಜನ ಚಿಕ್ಕಪುಟ್ಟ ಗಾಯದವರ ಸಾಲಿಗೆ ಸೇರಿಹೋದರು.

ನನಗೆ ಹೆಚ್ಚು ಸಿಟ್ಟು ಬರುವುದು ಇನ್ನೊಂದು ಸಂಗತಿಗೆ. ಕಾಯಿಲೆ ಮುಂದೆ ಬರಬಹುದು ಅಂತ ಸುಪ್ರೀಂ ಕೋರ್ಟಿಗೆ ಆಗಲೇ ಗೊತ್ತಿತ್ತು. ಆವತ್ತಿಗೆ ಆರೋಗ್ಯವಾಗಿದ್ದು ಮುಂದೆ ಕಾಯಿಲೆ ಬೀಳಬಹುದಾದ ಸುಮಾರು ಒಂದು ಲಕ್ಷ ಜನರಿಗೆ ವಿಮೆ ಮಾಡಿಸಬೇಕು ಅಂತ 1991ರ ತೀರ್ಪಿನಲ್ಲೇ ಹೇಳಿತ್ತು. ಹಣ ಸಾಲದೆ ಹೋದರೆ ಉಳಿದದ್ದನ್ನು ಸರ್ಕಾರವೇ ತುಂಬಬೇಕು ಅಂತಲೂ ಹೇಳಿತ್ತು. ಸರ್ಕಾರ ವಿಮೆ ಮಾಡಿಸಲೇ ಇಲ್ಲ. ಕಂಪನಿಯಿಂದ ಇನ್ನಷ್ಟು ಹಣ ಕೊಡಿಸಿ ಅಂತ ಅದೇ ಸರ್ಕಾರ ಹಾಕಿದ್ದ ಅರ್ಜಿಯನ್ನು 2023ರ ಮಾರ್ಚಿನಲ್ಲಿ ಕೋರ್ಟು ತಳ್ಳಿಹಾಕಿತು. ವಿಮೆ ಮಾಡಿಸದೇ ಇದ್ದದ್ದು ಭಾರೀ ನಿರ್ಲಕ್ಷ್ಯ ಅಂತ ಛೀಮಾರಿಯನ್ನೂ ಹಾಕಿತು. ಬೈಸಿಕೊಂಡಿದ್ದು ಸರ್ಕಾರ, ಬರಿಗೈಲಿ ಉಳಿದಿದ್ದು ರೋಗಿಗಳು.

ಹಿರೋಶಿಮಾದ ‘ಕಪ್ಪು ಮಳೆ’ ಕೇಸನ್ನೂ ನೋಡಿ. ಬಾಂಬ್ ಬಿದ್ದ ಮೇಲೆ ವಿಕಿರಣ ಬೆರೆತ ಮಳೆ ಸುರಿಯಿತು. ಜೋರು ಮಳೆ ಬಂದ ಜಾಗ ಇಷ್ಟೇ ಅಂತ ಜಪಾನ್ ಸರ್ಕಾರ ನಕ್ಷೆಯಲ್ಲಿ ಒಂದು ಗೆರೆ ಎಳೆಯಿತು. ಸುಮಾರು 19 ಕಿಲೋಮೀಟರ್ ಉದ್ದ, 11 ಕಿಲೋಮೀಟರ್ ಅಗಲ. ಗೆರೆಯ ಒಳಗಿದ್ದವರಿಗೆ ಸೌಲಭ್ಯ, ಹೊರಗಿದ್ದವರಿಗೆ ಏನೂ ಇಲ್ಲ. ಮಳೆ ಗೆರೆ ನೋಡಿಕೊಂಡು ಸುರಿಯುತ್ತದಾ? ಹೊರಗುಳಿದ 84 ಜನರ ಕಡೆಗೆ 2021ರಲ್ಲಿ ಹಿರೋಶಿಮಾ ಹೈಕೋರ್ಟ್ ತೀರ್ಪು ಕೊಟ್ಟಿತು. ವಿಕಿರಣದಿಂದ ಆರೋಗ್ಯ ಕೆಟ್ಟಿರಬಹುದು ಅನ್ನುವುದನ್ನು ಅಲ್ಲಗಳೆಯಲು ಆಗದಿದ್ದರೆ ಅಷ್ಟೇ ಸಾಕು ಅಂದಿತು. ಆಗ 75 ವರ್ಷ ಕಳೆದಿತ್ತು. ಎಷ್ಟೋ ಜನ ತೀರ್ಪು ನೋಡಲು ಉಳಿದಿರಲಿಲ್ಲ.

ಬಡವರು ಹೇಗೆ ತೋರಿಸಬೇಕು ಅಂತ ಕೇಳಿದ್ದೀರಿ. ‘ನಾನು ಅಲ್ಲಿದ್ದೆ’ ಅನ್ನುವುದಕ್ಕೆ ಏನು ಸಿಕ್ಕರೂ ಬಿಸಾಡಬೇಡಿ. ರೇಷನ್ ಕಾರ್ಡು, ಹಾಜರಿ ಪುಸ್ತಕದ ನಕಲು, ಕರೆಂಟ್ ಬಿಲ್ಲು, ಮೊದಲ ವಾರ ತೋರಿಸಿದ ಆಸ್ಪತ್ರೆಯ ಹೊರರೋಗಿ ಚೀಟಿ. ಆ ಚೀಟಿಗೆ ಆಮೇಲೆ ಬರುವ ದಪ್ಪ ಫೈಲಿಗಿಂತ ಬೆಲೆ ಜಾಸ್ತಿ. ನೆರೆಯವರ ಹೇಳಿಕೆಯನ್ನು ಅವರಿಗೆ ನೆನಪಿರುವಾಗಲೇ ಬರೆಸಿಕೊಳ್ಳಿ. ರೋಗಿ ಎಲ್ಲಿದ್ದರು, ಎಷ್ಟು ಹೊತ್ತು ಇದ್ದರು ಅನ್ನುವುದನ್ನು ಕೇಸ್ ಶೀಟಿನಲ್ಲಿ ಬರೆಯಿರಿ ಅಂತ ಡಾಕ್ಟರನ್ನು ಬಾಯಿ ಬಿಟ್ಟು ಕೇಳಿ. ಕೇಳದೆ ಇದ್ದರೆ ಬರೆಯುವವರು ಕಡಿಮೆ.

ಸಾಕ್ಷಿ ಎಂಥ ಕಡೆಯಿಂದ ಬರುತ್ತದೆ ಅಂತ ಹೇಳಲಾಗದು. ಕಾರ್ಖಾನೆಯ ಪಾದರಸದಿಂದ ಊರೇ ನರಳಿದ ಜಪಾನಿನ ಮಿನಮಾಟಾದಲ್ಲಿ ತಾಯಂದಿರು ಮಕ್ಕಳ ಹೊಕ್ಕುಳಬಳ್ಳಿಯನ್ನು ಒಣಗಿಸಿ ಪುಟ್ಟ ಮರದ ಡಬ್ಬಿಯಲ್ಲಿ ಇಟ್ಟಿದ್ದರು. ಅದು ಅಲ್ಲಿನ ಸಂಪ್ರದಾಯ. ವರ್ಷಗಳ ನಂತರ ಸಂಶೋಧಕರು ಆ ಬಳ್ಳಿಯಲ್ಲೇ ಪಾದರಸವನ್ನು ಅಳೆದರು. ಹೊಟ್ಟೆಯಲ್ಲಿದ್ದಾಗಲೇ ಮಗುವಿಗೆ ವಿಷ ತಗುಲಿತ್ತು ಅನ್ನುವುದು ಗೊತ್ತಾಯಿತು.

ಇನ್ನು ಕೊಟ್ಟಷ್ಟು ತಗೊಳ್ಳುವ ಮಾತು. ದುಡ್ಡು ಬೇಕಾದಾಗ ತಗೊಳ್ಳುವುದು ತಪ್ಪಲ್ಲ, ಔಷಧಿ ಅಂಗಡಿಯವನು ತತ್ವ ಕೇಳುವುದಿಲ್ಲ. ಸಹಿ ಹಾಕುವ ಕಾಗದವನ್ನು ಮಾತ್ರ ಪೂರ್ತಿ ಓದಿಸಿಕೊಳ್ಳಿ. ‘ಇದೇ ಕೊನೆಯ ಪರಿಹಾರ, ಮುಂದೆ ಏನನ್ನೂ ಕೇಳುವುದಿಲ್ಲ’ ಅನ್ನುವ ಸಾಲು ಇದೆಯಾ ನೋಡಿ. ಇದ್ದರೆ, ಮುಂದೆ ಬರುವ ಕಾಯಿಲೆಗೂ ಅದು ಅನ್ವಯಿಸುತ್ತದಾ ಅಂತ ವಕೀಲರನ್ನು ಕೇಳಿ, ಉತ್ತರ ಸಿಗುವವರೆಗೆ ಪೆನ್ನು ಜೇಬಿನಲ್ಲೇ ಇರಲಿ.