ಪರೀಕ್ಷೆಯ ದಿನಗಳ ಎದೆಬಡಿತಕ್ಕೆ ಇಪ್ಪತ್ತು ನಿಮಿಷದ ಯೋಗ ಸಾಕೇ?

ಪರೀಕ್ಷೆ ಸಮೀಪಿಸಿದಾಗ ಸುಮ್ಮನೆ ಕುಳಿತಿದ್ದರೂ ನಾಡಿ ನಿಮಿಷಕ್ಕೆ 92ರಷ್ಟು ಬಡಿಯುತ್ತದೆ, ಶಂಕರಘಟ್ಟದ ಮಳೆಯಲ್ಲಿ ವಾಕಿಂಗ್ ಆಗುವುದಿಲ್ಲ, ಹಾಸ್ಟೆಲ್ ಕೋಣೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಯೋಗ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ವಿಶ್ರಾಂತಿಯಲ್ಲಿ 60ರಿಂದ 100ರವರೆಗಿನ ಬಡಿತವನ್ನು ವಯಸ್ಕರಲ್ಲಿ ಸಾಮಾನ್ಯವೆಂದೇ ಪರಿಗಣಿಸುತ್ತಾರೆ. ಆ ಅಂಕಿಯೊಂದರಿಂದಲೇ ಗಾಬರಿಯಾಗಬೇಕಿಲ್ಲ.

ನನ್ನ ಅಭಿಪ್ರಾಯದಲ್ಲಿ ಆ ಇಪ್ಪತ್ತು ನಿಮಿಷಗಳಲ್ಲಿ ಬೇಗ ಫಲ ಕೊಡುವುದು ಉಸಿರಾಟವೇ. ನಿಮಿಷಕ್ಕೆ ಸುಮಾರು ಆರು ಬಾರಿ ಮಾತ್ರ, ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ತುಸು ದೀರ್ಘವಾಗಿಸಿ, ಎಲ್ಲಿಯೂ ತಡೆಹಿಡಿಯದೆ ಉಸಿರಾಡಿದಾಗ, ಹೃದಯದ ವೇಗವನ್ನು ತಗ್ಗಿಸುವ ವೇಗಸ್ ನರದ ಪ್ರಭಾವ ಹೆಚ್ಚುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸಿದ್ದು, ನಿಧಾನಗತಿಯ ಆಸನಗಳು ಸಾಮಾನ್ಯವಾಗಿ ಅಷ್ಟು ಶ್ರಮ ಕೊಡುವುದಿಲ್ಲ. ಹೊರಗೆ ಕಾಲಿಡಲಾಗದ ಆಷಾಢದಲ್ಲಿ ಚುರುಕಾಗಿ ಮಾಡುವ ಸೂರ್ಯನಮಸ್ಕಾರವೋ ಹಾಸ್ಟೆಲ್ಲಿನ ಮೆಟ್ಟಿಲು ಹತ್ತಿಳಿಯುವುದೋ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲದು. ರಾತ್ರಿಯ ಓದಿಗೆಂದು ಕುಡಿಯುವ ಕಾಫಿಯನ್ನೂ (ಮಲೆನಾಡಿನಲ್ಲಿ ಕುಳಿತು ಇದನ್ನು ಹೇಳುವುದು ಕಷ್ಟವೇ) ಸಂಜೆಯ ನಂತರ ಬಿಟ್ಟು ನೋಡಿ. ಎದೆನೋವು, ತಲೆಸುತ್ತು ಅಥವಾ ಬಡಿತ ತಪ್ಪಿದಂತಹ ಅನುಭವವಾದರೆ, ಯೋಗದಿಂದ ಸರಿಹೋದೀತೆಂದು ಕಾಯದೆ ವೈದ್ಯರನ್ನು ಕಂಡು ಇಸಿಜಿ ಮಾಡಿಸಿಕೊಳ್ಳಿ.