ಓದುಗರ ಪ್ರಶ್ನೆಗೆ ಉತ್ತರ: ‘ಕೃಪೆ: ಅಂತರ್ಜಾಲ’ ಎಂದರೆ ಯಾರ ಕೃಪೆ?

ಪ್ರಶ್ನೆ: ನಮ್ಮೂರಿನವರಿಗಾಗಿ ಒಂದು ವಾಟ್ಸ್‌ಆ್ಯಪ್ ಗುಂಪು ನಡೆಸುತ್ತಿದ್ದೇನೆ. ಪತ್ರಿಕೆಗಳ ಸುದ್ದಿಯನ್ನು ಟೈಪ್ ಮಾಡಿ, ಕೊನೆಯಲ್ಲಿ ‘ಕೃಪೆ: ಅಂತರ್ಜಾಲ’ ಎಂದು ಬರೆದು ಹಂಚುತ್ತೇನೆ. ಮೊನ್ನೆ ವರದಿಗಾರರೊಬ್ಬರು ಇದಕ್ಕೆ ಆಕ್ಷೇಪ ತೆಗೆದರು. ದುಡ್ಡಿಗಾಗಿ ಮಾಡದ ಕೆಲಸದಲ್ಲಿ ತಪ್ಪೇನಿದೆ?
— ಓದುಗರೊಬ್ಬರು, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಆಕ್ಷೇಪ ಸರಿಯಾಗಿಯೇ ಇದೆ. ಸಂತೆಯಲ್ಲಿ ಸಿಕ್ಕ ಚೀಟಿಗೆ ‘ಕೃಪೆ: ಸಂತೆ’ ಎಂದು ಬರೆದರೆ ಅದನ್ನು ಬರೆದವರು ಯಾರೆಂದು ತಿಳಿಯುತ್ತದೆಯೇ? ನಿಮ್ಮ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯನ ವಚನ ಯಾವ ಹಾಳೆಯಲ್ಲಿ ಸಿಕ್ಕರೂ ‘ರಾಮನಾಥ’ ಎಂಬ ಅಂಕಿತ ಒಳಗೇ ಇರುವುದರಿಂದ ಗುರುತು ಸಿಗುತ್ತದೆ. ಸುದ್ದಿಗೆ ಅಂಥ ಅಂಕಿತವಿಲ್ಲ. ಮೇಲಿನ ಒಂದು ಸಾಲನ್ನು ಬಿಟ್ಟು ಟೈಪ್ ಮಾಡಿದರೆ ಅದು ಯಾರದೂ ಅಲ್ಲದ ಮಾತಾಗುತ್ತದೆ.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಡುವ ದಿನಗಳಲ್ಲಿ ‘ಜಲಾಶಯದಿಂದ ಇಂದು 2 ಲಕ್ಷ ಕ್ಯುಸೆಕ್ ನೀರು, ದಂಡೆಯವರು ಎಚ್ಚರ’ ಎಂಬ ಸಂದೇಶ ಬಂತೆಂದು ಇಟ್ಟುಕೊಳ್ಳಿ. ಯಾವ ‘ಇಂದು’? ಈ ವರ್ಷದ್ದೋ, ಮೂರು ವರ್ಷದ ಹಿಂದಿನದೋ? ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯಲ್ಲಿರುವವರು ದನಕರುಗಳನ್ನು ಈಗಲೇ ದಾಟಿಸಬೇಕೋ ಬೇಡವೋ ಎಂಬುದು ಆ ಒಂದು ಪದದ ಮೇಲೆ ನಿಂತಿರುತ್ತದೆ. ವಾಟ್ಸ್‌ಆ್ಯಪ್ 2018ರಿಂದ ತೋರಿಸುತ್ತಿರುವ ‘ಫಾರ್ವರ್ಡ್’ ಗುರುತು, ಸಂದೇಶ ಬೇರೆಡೆಯಿಂದ ಬಂದಿದೆ ಎಂದಷ್ಟೇ ಹೇಳುತ್ತದೆ, ಎಲ್ಲಿಂದ ಎಂದು ಹೇಳುವುದಿಲ್ಲ. ನೀವು ಹೊಸದಾಗಿ ಟೈಪ್ ಮಾಡಿದಾಗ ಆ ಗುರುತೂ ಉಳಿಯುವುದಿಲ್ಲ.

ಆದ್ದರಿಂದ ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ, ಪುಟ ಇಷ್ಟನ್ನು ಮೊದಲ ಸಾಲಿನಲ್ಲೇ ಬರೆಯಿರಿ. ವರದಿಗಾರರ ಹೆಸರು ಅಚ್ಚಾಗಿದ್ದರೆ ಅದನ್ನೂ ಸೇರಿಸಿ. ಆವೃತ್ತಿಯನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಕಲಬುರಗಿ ಆವೃತ್ತಿಯ ಯಾದಗಿರಿ ಪುಟದಲ್ಲಿ ಬಂದ ಸುದ್ದಿ ಅದೇ ಪತ್ರಿಕೆಯ ಬೆಂಗಳೂರು ಆವೃತ್ತಿಯಲ್ಲಿ ಎಷ್ಟೋ ಸಲ ಇರುವುದೇ ಇಲ್ಲ, ಹುಡುಕಿದವರು ನಿಮ್ಮನ್ನೇ ಸುಳ್ಳುಗಾರರೆಂದುಕೊಳ್ಳುತ್ತಾರೆ. ಊರಿನ ಹೆಸರಿನ ಪಕ್ಕದಲ್ಲಿ ‘ಪಿಟಿಐ’ ಎಂದಿದ್ದರೆ ಆ ವರದಿ ಸುದ್ದಿಸಂಸ್ಥೆಯದು, ಪತ್ರಿಕೆ ಅದನ್ನು ಪ್ರಕಟಿಸಿದೆ ಅಷ್ಟೇ, ಎರಡನ್ನೂ ಹೇಳಬೇಕು.

ನನ್ನ ಅನುಭವದಲ್ಲಿ ಹೆಚ್ಚು ಹಾನಿ ಆಗುವುದು ಉದ್ಧರಣ ಚಿಹ್ನೆಯಲ್ಲಿ. ‘ಬೆಳೆ ಪರಿಹಾರ ಮುಂದಿನ ವಾರ ಜಮೆಯಾಗುವ ಸಾಧ್ಯತೆ ಇದೆ ಎಂದು ಮೂಲಗಳು ತಿಳಿಸಿವೆ’ ಎಂಬ ಪತ್ರಿಕೆಯ ವಾಕ್ಯ ಮೂರನೆಯ ಗುಂಪಿಗೆ ಹೋಗುವಷ್ಟರಲ್ಲಿ ‘ಮುಂದಿನ ವಾರ ಪರಿಹಾರ ಜಮೆ: ಜಿಲ್ಲಾಧಿಕಾರಿ’ ಎಂದಾಗಿರುತ್ತದೆ. ‘ಸಾಧ್ಯತೆ’ ಬಿದ್ದುಹೋಯಿತು, ‘ಮೂಲಗಳು’ ಇದ್ದಲ್ಲಿ ಅಧಿಕಾರಿ ಬಂದು ಕುಳಿತರು. ಪತ್ರಿಕೆ ಯಾರ ಮಾತನ್ನು ಚಿಹ್ನೆಯೊಳಗೆ ಇಟ್ಟಿದೆಯೋ ಅದನ್ನಷ್ಟೇ ನೀವೂ ಇಡಿ. ಉಳಿದದ್ದಕ್ಕೆ ‘ಎಂದು ಪತ್ರಿಕೆ ವರದಿ ಮಾಡಿದೆ’ ಎನ್ನಿ. ನಮ್ಮ ಭಾಗದಲ್ಲಿ ಉರ್ದು, ಮರಾಠಿ, ತೆಲುಗು ಪತ್ರಿಕೆಗಳಿಂದಲೂ ಸುದ್ದಿ ತರುತ್ತೇವೆ. ಆಗ ಕನ್ನಡದ ಮಾತು ನಿಮ್ಮದು, ಹೇಳಿದವರದಲ್ಲ. ‘ಉರ್ದು ವರದಿಯ ಅನುವಾದ’ ಎಂದು ಒಂದು ಪದ ಹೆಚ್ಚಿಗೆ ಬರೆಯುವುದರಿಂದ ನಿಮಗೆ ನಷ್ಟವಿಲ್ಲ.

ಇನ್ನು ದುಡ್ಡಿನ ಮಾತು. ಹೆಸರು ಹಾಕುವುದು ಬೇರೆ, ಅನುಮತಿ ಪಡೆಯುವುದು ಬೇರೆ. ನಡೆದ ಸಂಗತಿಗೆ ಯಾರೂ ಒಡೆಯರಲ್ಲ; ಅದನ್ನು ಬರೆದ ರೀತಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಚಲಿತ ಘಟನೆಗಳ ವರದಿಗೆ, ವಿಮರ್ಶೆಗೆ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ, ಆದರೆ ಎಷ್ಟು ಸಾಲು ಎಂದು ಲೆಕ್ಕ ಕೊಟ್ಟಿಲ್ಲ. ಅದೇ ಕಾಯ್ದೆಯ 57ನೇ ಕಲಂ, ‘ಇದು ನನ್ನ ಬರಹ’ ಎಂದು ಹೇಳಿಕೊಳ್ಳುವ ಹಕ್ಕನ್ನು ಬರೆದವರಿಗೆ ಕೊಟ್ಟಿದೆ. ಇಡೀ ವರದಿಯನ್ನು ಇಳಿಸುವ ಬದಲು ಸಾರವನ್ನು ನಿಮ್ಮ ಮಾತಿನಲ್ಲಿ ಎರಡು ಮೂರು ಸಾಲು ಬರೆದು ಲಿಂಕ್ ಕೊಡುವುದು ಕ್ಷೇಮ.

ಪ್ರಶ್ನೆ: ಬೀದರ್ ಕೋಟೆಯ ಚಿತ್ರವೊಂದನ್ನು ಸುದ್ದಿಯೊಂದಿಗೆ ಹಂಚಿದೆ. ತೆಗೆದವರು ಯಾರೆಂದು ಗೊತ್ತಿಲ್ಲ. ‘ಚಿತ್ರ: ಸಂಗ್ರಹ’ ಎಂದರೆ ಸಾಕೇ?
— ಬೀದರ್‌ನ ಓದುಗರು

ಉತ್ತರ: ಸಾಲದು. ‘ಸಂಗ್ರಹ’ ಎಂದರೆ ನಿಮ್ಮ ಬಳಿ ಇದೆ ಎಂದಷ್ಟೇ ಅರ್ಥ. ಗೂಗಲ್ ಲೆನ್ಸ್‌ನಲ್ಲಿ ಚಿತ್ರವನ್ನು ಹಾಕಿ ಮೊದಲು ಎಲ್ಲಿ ಕಾಣಿಸಿತೆಂದು ಹುಡುಕಿ. ಸಿಗದಿದ್ದರೆ ಅದನ್ನು ಬಿಡಿ. ಕೋಟೆ ನಿಮ್ಮೂರಿನಲ್ಲೇ ಇದೆಯಲ್ಲ, ಒಂದು ಸಂಜೆ ಹೋಗಿ ನೀವೇ ತೆಗೆದುಕೊಂಡು ಬನ್ನಿ.